ಪಾಲಕರಿಗೆ ಹೋಗದ ಪತ್ರ

ದೂರು ಪೆಟ್ಟಿಗೆ ಐದು ತಿಂಗಳಿಂದ ಖಾಲಿ ಇತ್ತು. ಇಷ್ಟೊಂದು ಹುಡುಗಿಯರು ಓದುವ ಕಾಲೇಜಿನಲ್ಲಿ ಒಬ್ಬಳಿಗೂ ಒಂದು ಚೀಟಿ ಬರೆದು ಹಾಕುವಷ್ಟು ತೊಂದರೆ ಆಗಿಲ್ಲವೆಂದರೆ ನಾನು ನಂಬುವವಳಲ್ಲ. ನಾನು ರಸಾಯನಶಾಸ್ತ್ರ ಕಲಿಸುವವಳು. ಬಣ್ಣವಿಲ್ಲದ್ದೆಲ್ಲ ನೀರಲ್ಲ, ಮೊದಲು ಪರೀಕ್ಷೆ ಮಾಡಿ ನೋಡಿ ಎಂದು ಮಕ್ಕಳಿಗೆ ಹೇಳಿ ಹೇಳಿ ಅದೇ ನನ್ನ ಸ್ವಭಾವವಾಗಿಬಿಟ್ಟಿದೆ. ನಮ್ಮ ಮನೆಯಲ್ಲಿ ಇದಕ್ಕೆ ಅನುಮಾನದ ರೋಗ ಎಂದು ಹೆಸರು.

ಆ ವರ್ಷ ನಾನು ಕಾಲೇಜಿನ ಆಂತರಿಕ ದೂರು ಸಮಿತಿಯ ಅಧ್ಯಕ್ಷೆಯಾಗಿದ್ದೆ. ಹುಮನಾಬಾದಿನಲ್ಲಿ ಮನೆ, ಬಸವಕಲ್ಯಾಣದಲ್ಲಿ ಕೆಲಸ. ಬೆಳಗಿನ ಬಸ್ಸಿನಲ್ಲಿ ಬಂದು ಸಂಜೆಯ ಬಸ್ಸಿನಲ್ಲಿ ಮರಳುವುದು. ಪೆಟ್ಟಿಗೆ ಇದ್ದದ್ದು ಕಚೇರಿಯ ಹೊರಗೋಡೆಯ ಮೇಲೆ, ಸುಪರಿಂಟೆಂಡೆಂಟರ ಕಿಟಕಿಯ ಪಕ್ಕದಲ್ಲೇ. ಬೀಗದ ಕೈ ಅವರ ಬಳಿ ಒಂದು, ನನ್ನ ಬಳಿ ಒಂದು. ಸೋಮವಾರ ಬೆಳಿಗ್ಗೆ ನಾನು ಬೀಗಕ್ಕೆ ಕೈ ಹಾಕುವ ಮೊದಲೇ ಅವರು ಕಿಟಕಿಯೊಳಗಿಂದ, "ಏನೂ ಇಲ್ರಿ ಮೇಡಂ" ಅನ್ನುತ್ತಿದ್ದರು. ಅವರಿಗೆ ಅದು ಮೊದಲೇ ಹೇಗೆ ಗೊತ್ತಾಗುತ್ತಿತ್ತು?

ಪ್ರಾಂಶುಪಾಲರಿಗೆ ಹೇಳಿದೆ. ಅವರು ನಕ್ಕರು.

"ಖಾಲಿ ಅದ ಅಂದ್ರ ಛಲೋನೇ ಅಲ್ರಿ. ನೀವು ಖುಷಿ ಪಡೂದು ಬಿಟ್ಟು ಫಿಕರ್ ಮಾಡಾಕತ್ತೀರಿ."

ಆಗಲೇ ಆ ಸುತ್ತೋಲೆ ಬಂತು. ನವೆಂಬರ್ ಕೊನೆಗೆ ಮಹಿಳೆಯರ ಮೇಲಿನ ಹಿಂಸೆಯನ್ನು ವಿರೋಧಿಸುವ ದಿನವನ್ನು ಆಚರಿಸಬೇಕು, ಫೋಟೊ ಕಳಿಸಬೇಕು. ನಮಗೆ ನೆನೆಯಲು ಹೊರಗಿನವರು ಬೇಕಿರಲಿಲ್ಲ. ನಮ್ಮಲ್ಲೇ ಓದಿ ಅರ್ಧಕ್ಕೆ ಬಿಟ್ಟ ಹುಡುಗಿಯೊಬ್ಬಳನ್ನು ಗಡಿಯಾಚೆಯ ಊರಿಗೆ ಮದುವೆ ಮಾಡಿ ಕೊಟ್ಟಿದ್ದರು. ಎಂಟು ತಿಂಗಳಿಗೆ ಬಾವಿಯಲ್ಲಿ ಸಿಕ್ಕಳು. ಕಾಲು ಜಾರಿತು ಎಂದು ಗಂಡನ ಮನೆಯವರು ಹೇಳಿದರು. ಕೊರಳ ಮೇಲಿನ ಗುರುತು ಬೇರೆ ಹೇಳಿತು. ಗಂಡ ಜೈಲಿನಲ್ಲಿದ್ದ.

ಅವಳ ಫೋಟೊ ದೊಡ್ಡದು ಮಾಡಿಸಿ ಇಡುವುದು, ಮೇಣದಬತ್ತಿ ಹಚ್ಚುವುದು, ಅವಳ ತಂದೆಯನ್ನು ವೇದಿಕೆಗೆ ಕರೆದು ಶಾಲು ಹೊದಿಸುವುದು, ಪ್ರತಿಜ್ಞೆ ಓದಿಸುವುದು ಎಂದು ತೀರ್ಮಾನವಾಯಿತು. ಪ್ರತಿಜ್ಞೆ ಓದಲು ಕೊನೆಯ ವರ್ಷದ ಹುಡುಗನೊಬ್ಬನನ್ನು ನಾನೇ ಆರಿಸಿದೆ. ಸ್ವಯಂಸೇವಕರ ಮುಖಂಡ. ಒಳ್ಳೆಯ ದನಿ, ಎದುರಾದರೆ ಎರಡೂ ಕೈ ಮುಗಿಯುತ್ತಿದ್ದ. ಇಡೀ ಕಾಲೇಜಿನಲ್ಲಿ ನಾನು ಅನುಮಾನ ಪಡದೆ ಬಿಟ್ಟ ಮನುಷ್ಯ ಅವನೊಬ್ಬನೇ.

ಪೆಟ್ಟಿಗೆಯ ಮೊದಲ ಪರೀಕ್ಷೆ ಸರಳವಾಗಿತ್ತು. ಎಡಗೈಯಲ್ಲಿ ಸೊಟ್ಟಸೊಟ್ಟಗೆ, "ಒಬ್ಬ ಹುಡುಗ ದಿನಾ ತೊಂದರೆ ಕೊಡುತ್ತಿದ್ದಾನೆ" ಎಂದು ಬರೆದು ಶನಿವಾರ ಎಲ್ಲರೂ ಹೋದ ಮೇಲೆ ಹಾಕಿದೆ. ಸೋಮವಾರ ಕಿಟಕಿಯಿಂದ ಅದೇ ದನಿ ಬಂತು: "ಏನೂ ಇಲ್ರಿ ಮೇಡಂ." ತೆಗೆದು ನೋಡಿದರೆ ನಿಜಕ್ಕೂ ಏನೂ ಇರಲಿಲ್ಲ. ಸಿಟ್ಟು ಬಂತು. ಸುಳ್ಳು ಹೇಳಬಾರದು, ಒಳಗೊಳಗೆ ಸ್ವಲ್ಪ ಖುಷಿಯೂ ಆಯಿತು. ನನ್ನ ರೋಗಕ್ಕೆ ಕಾರಣ ಸಿಕ್ಕಿತ್ತು.

ಇನ್ನು ಕಳ್ಳನನ್ನು ಹಿಡಿಯಬೇಕಿತ್ತು. ನಮ್ಮ ಲ್ಯಾಬಿನ ಕಪಾಟಿನಲ್ಲಿ ಫಿನಾಲ್ಫ್ಥಲೀನ್ ಪುಡಿ ಇದೆ. ಮಕ್ಕಳ ಪ್ರಯೋಗಕ್ಕೆ ಅದನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಕೊಡುತ್ತೇವೆ. ಒಣಗಿದ್ದಾಗ ಬಿಳಿ, ಕೈಗೆ ಹತ್ತಿದರೆ ಕಾಣುವುದೇ ಇಲ್ಲ. ಆದರೆ ಆ ಕೈ ವಾಷಿಂಗ್ ಸೋಡಾದ ನೀರಿಗೆ ಇಳಿದರೆ ನೀರು ಗುಲಾಬಿಯಾಗುತ್ತದೆ. ಲಂಚ ತಿನ್ನುವವರನ್ನು ಹಿಡಿಯಲು ನೋಟಿಗೆ ಹಚ್ಚುವುದು ಇದನ್ನೇ. ಮುಂದಿನ ಶನಿವಾರ ಇನ್ನೊಂದು ಚೀಟಿ ಬರೆದು, ಎರಡೂ ಕಡೆ ಹತ್ತಿಯಿಂದ ಪುಡಿ ಸವರಿ, ಚಿಮಟದಲ್ಲಿ ಹಿಡಿದು ಪೆಟ್ಟಿಗೆಗೆ ಇಳಿಸಿದೆ. ಸೋಮವಾರ ಮೊದಲ ಬಸ್ಸಿಗೆ ಬಂದು ಪೆಟ್ಟಿಗೆ ತೆಗೆದರೆ ಚೀಟಿ ಆಗಲೇ ಹೋಗಿತ್ತು. ಲ್ಯಾಬಿನ ಸಿಂಕಿನಲ್ಲಿ ಬಿಳಿ ಬೋಗುಣಿಯಿಟ್ಟು ಸೋಡಾ ಕಲಸಿ ಸಿದ್ಧಮಾಡಿಕೊಂಡೆ. ಆಗಲೇ ಕಿಟಕಿಯೊಳಗೆ ಬಂದು ಕುಳಿತಿದ್ದ ಸುಪರಿಂಟೆಂಡೆಂಟರನ್ನು ದಾಸ್ತಾನು ನೋಡುವ ನೆಪದಲ್ಲಿ ಕರೆಸಿ, ಒಂದು ಬಾಟಲಿ ಕೈಗೆ ಕೊಟ್ಟು, "ಸರ್, ಇದು ಸೋರಿದಂಗ ಅದ. ಕೈ ಸೋಡಾದಾಗ ತೊಳಕೊಳ್ರಿ, ಸುಟ್ಟೀತು" ಅಂದೆ.

ಅವರು ಹೆದರಿ ಮೊಣಕೈಯವರೆಗೂ ಅದ್ದಿದರು. ನಾನು ಕಣ್ಣು ಮಿಟುಕಿಸದೆ ನೋಡಿದೆ. ನೀರು ನೀರಾಗಿಯೇ ಉಳಿಯಿತು. ಅವರು ಕೈ ಒರೆಸಿಕೊಂಡು, ನನ್ನ ಕಾಳಜಿಗೆ ಥ್ಯಾಂಕ್ಸ್ ಹೇಳಿ ಹೋದರು. ನನ್ನ ಮುಖ ಹುಳ್ಳಗಾಯಿತು.

ಅಷ್ಟರಲ್ಲಿ ಮಾವಶಿ ಬಂದಳು. ಮಾವಶಿ ಎಂದರೆ ನಮ್ಮ ಲ್ಯಾಬಿನ ಅಟೆಂಡರ್. ಮರಾಠಿಯಲ್ಲಿ ಚಿಕ್ಕಮ್ಮನನ್ನು ಕರೆಯುವ ಹೆಸರು ಅವಳಿಗೆ ಅಂಟಿ ಎಷ್ಟೋ ವರ್ಷವಾಗಿತ್ತು. ಬೆಳಿಗ್ಗೆ ಕಾಲೇಜಿನ ಬಾಗಿಲುಗಳನ್ನೆಲ್ಲ ತೆರೆದು ಕಸ ಗುಡಿಸುವವಳು ಅವಳೇ. ಅವಳ ಮೇಲೂ ನನಗೆ ಒಂದು ಕಣ್ಣಿತ್ತು. ಸಂಜೆ ಹುಡುಗಿಯರ ಜೊತೆ ಬಸ್ ನಿಲ್ದಾಣದವರೆಗೆ ನಡೆದು ಹೋಗುತ್ತಿದ್ದಳು. ಯಾರದೋ ಚೀಟಿ ಯಾರಿಗೋ ಮುಟ್ಟಿಸುತ್ತಾಳೆ ಎಂದು ನಾನು ಎಣಿಸಿದ್ದೆ. ನಾನು ಏನೂ ಹೇಳುವ ಮೊದಲೇ ಅವಳು ಎಂದಿನಂತೆ ಗಾಜಿನ ಸಾಮಾನು ತೊಳೆಯಲು ಬೋಗುಣಿಗೆ ಎರಡೂ ಕೈ ಹಾಕಿದಳು.

ನೀರು ಗುಲಾಬಿಯಾಯಿತು. ಬೆರಳ ಸಂದುಗಳಿಂದ ಬಣ್ಣ ಇಳಿಯುತ್ತಲೇ ಇತ್ತು.

"ಮಾವಶಿ, ಪೆಟಗಿ ತೆಗಿಯೂದು ನೀವೇ ಏನು?" ಅಂದೆ.

ಅವಳು ತನ್ನ ಕೈಗಳನ್ನೇ ನೋಡಿಕೊಂಡಳು. ಮೆಲ್ಲಗೆ, "ಹೌದ್ರಿ" ಅಂದಳು. "ಕೀಲಿಕೈ ಆಫೀಸಿನ್ಯಾಗ ಗೋಡಿ ಮೊಳಿಗಿ ತೂಗಹಾಕಿರ್ತದ. ಕಸ ಹೊಡಿಯೂ ಮುಂದ ತೆಗಿತೀನ್ರಿ."

"ಯಾರು ಹೇಳ್ಯಾರ ನಿಮಗ? ಆಫೀಸಿನ ಸರ್ ಹೇಳ್ಯಾರೇನು?"

"ಯಾರೂ ಹೇಳಿಲ್ರಿ. ಅದರಾಗ ಬಿದ್ದ ಚೀಟಿ ಹುಡುಗಿ ಮನಿಗಿ ಹೋಗ್ತದ್ರಿ. ಮನಿಗಿ ಹೋಯ್ತಂದ್ರ ಹುಡುಗಿ ಮತ್ತ ಕಾಲೇಜಿಗಿ ಬರಂಗಿಲ್ಲ. ಒಬ್ಬಾಕಿದು ಕಣ್ಣಾರೆ ನೋಡೀನಿ. ನೀವು ಅಕಿ ಅಪ್ಪಗ ಕರೆಸಿದ್ರಿ. ಆ ಹಿರ‍್ಯಾಗ ಚಾ ಕೊಟ್ಟಾಕಿ ನಾನೇ. ಅಂವ ಚಾ ಕುಡೀಲಿಲ್ಲ."

"ಯಾವ ಹುಡುಗಿ?"

"ನೀವೀಗ ಫೋಟೊ ದೊಡ್ಡದು ಮಾಡಾಕ ಕೊಟ್ಟೀರಲ್ರಿ. ಅಕಿನೇ."

ಆ ಮಧ್ಯಾಹ್ನ ಪಾಠ ಬಿಟ್ಟು ಹಳೆಯ ಫೈಲು ತೆಗೆಸಿದೆ. ಹುಡುಗಿ ಚೀಟಿ ಹಾಕಿದ್ದಳು, ಒಬ್ಬ ಸಹಪಾಠಿ ಬೆನ್ನು ಹತ್ತಿದ್ದಾನೆ ಎಂದು. ನಮ್ಮಲ್ಲಿ ರೂಢಿಯೇನೆಂದರೆ ಏನೇ ಬಂದರೂ ಮೊದಲು ಪಾಲಕರನ್ನು ಕರೆಸುವುದು. ಕಾಪಿ ಮಾಡಿದರೂ ಪಾಲಕರು, ಫೋನು ತಂದರೂ ಪಾಲಕರು, ಯಾರೋ ಹಿಂದೆ ಬಿದ್ದರೂ ಪಾಲಕರು. ನಡಾವಳಿಯಲ್ಲಿ ಮೂರು ಸಾಲು ಇತ್ತು: ಪಾಲಕರನ್ನು ಕರೆಸಿ ವಿಷಯ ತಿಳಿಸಲಾಯಿತು. ವಿದ್ಯಾರ್ಥಿಗೆ ತಿಳಿಹೇಳಲಾಯಿತು. ಪ್ರಕರಣ ಮುಕ್ತಾಯ. ಕರೆಸಿದ್ದು ಹುಡುಗಿಯ ಪಾಲಕರನ್ನು. ಹುಡುಗನ ತಂದೆಯನ್ನು ಕರೆಸುವ ಮಾತು ಯಾರ ಬಾಯಲ್ಲೂ ಬಂದಿರಲಿಲ್ಲ. ಕೆಳಗೆ ಮೂರು ಸಹಿ, ಮೂರನೆಯದು ನನ್ನದು. ಆಗ ನಾನು ಬರೀ ಸದಸ್ಯೆ, ಅದನ್ನು ಮರೆತೇಬಿಟ್ಟಿದ್ದೆ ಎಂದು ಹೇಳಬಹುದಿತ್ತು. ಮರೆತಿರಲಿಲ್ಲ. ಅವಳ ಟಿ.ಸಿ. ಒಯ್ದದ್ದೂ ಗೊತ್ತಿತ್ತು, ಮದುವೆಯ ಸುದ್ದಿಯೂ ಗೊತ್ತಿತ್ತು. ಊರಿನವರ ಮೇಲೆಲ್ಲ ಅನುಮಾನ ಪಡುವ ನಾನು ಇವೆರಡನ್ನೂ ಜೋಡಿಸಿ ನೋಡುವ ಗೋಜಿಗೇ ಹೋಗಿರಲಿಲ್ಲ. ನನಗೆ ನನ್ನ ಮೇಲೆ ಅಸಹ್ಯವಾಯಿತು.

ಮಾವಶಿ ಚೀಟಿಗಳನ್ನು ಹರಿದಿರಲಿಲ್ಲ. ಸಿಂಕಿನ ಕೆಳಗೆ ಬಿಸ್ಕಿಟ್ ಡಬ್ಬಿಯಲ್ಲಿಟ್ಟಿದ್ದಳು. ಏಳನೇ ತರಗತಿ ಓದಿದವಳು, ಅಕ್ಷರ ಕೂಡಿಸಿಕೊಂಡು ಓದಿ, ಯಾವ ಹುಡುಗಿ ಎಂದು ಗುರುತು ಹಿಡಿದು, ಸಂಜೆ ಅವಳ ಜೊತೆ ಬಸ್ಸಿನವರೆಗೆ ಹೋಗಿ ಬರುತ್ತಿದ್ದಳು. ಅದು ಅವಳ ಸಮಿತಿ. ನನ್ನ ಎರಡು ಸುಳ್ಳು ಚೀಟಿ ಬಿಟ್ಟರೆ ಡಬ್ಬಿಯಲ್ಲಿ ಏಳು ಇದ್ದವು. ಅವುಗಳಲ್ಲಿ ಎರಡು ಒಂದೇ ಕೈಬರಹದವು. ಮೊದಲನೆಯದರಲ್ಲಿ ಪ್ರತಿಜ್ಞೆ ಓದಬೇಕಿದ್ದ ಸ್ವಯಂಸೇವಕರ ಮುಖಂಡನ ಹೆಸರಿತ್ತು. ಎರಡನೆಯದು ಒಂದೇ ಸಾಲು: "ನನ್ನ ಮೊದಲಿನ ಪತ್ರ ಯಾರಾದರೂ ಓದಿದ್ದೀರಾ?"

ಅದನ್ನು ಮಾವಶಿಗೆ ಓದಿ ಹೇಳಿದೆ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು, "ಓದೀನವ್ವ ಅಂತ ಹ್ಯಾಂಗ ಹೇಳಲ್ರಿ ಅಕಿಗಿ" ಅಂದಳು.

ಬರೆದವಳು ಬಿ.ಎಸ್‌ಸಿ. ಎರಡನೇ ವರ್ಷದವಳು, ಗೋರ್ಟಾ ಕಡೆಯಿಂದ ಬಸ್ಸಿನಲ್ಲಿ ಬರುವ ಹುಡುಗಿ. ರೆಕಾರ್ಡ್ ತಿದ್ದುವ ನೆಪದಲ್ಲಿ ಕೂರಿಸಿಕೊಂಡೆ. ಬಾಗಿಲ ಬಳಿ ಮಾವಶಿ ನಿಂತಳು.

ಹುಡುಗಿ ಮೊದಲು ಹೇಳಿದ್ದೇ ಇದು: "ಮನಿಗಿ ಹೇಳಬ್ಯಾಡ್ರಿ ಮೇಡಂ. ನಮ್ಮ ಮನ್ಯಾಗ ಕುರಿ ಅವ. ಅಪ್ಪ, ಅಣ್ಣ ಕಾಯ್ತಾರ. ನಾ ಕಾಲೇಜಿಗಿ ಬರೂದು ಅಣ್ಣಗ ಮೊದಲೇ ಸೇರಂಗಿಲ್ಲ. ಗೊತ್ತಾಯ್ತಂದ್ರ ನಾಳಿಂದ ನಾನೂ ಕುರಿ ಹಿಂದನೇ."

ಆಗಲೂ ನನ್ನ ಬುದ್ಧಿ ನೆಟ್ಟಗಾಗಲಿಲ್ಲ. ಅಂಥ ಒಳ್ಳೆಯ ಹುಡುಗ ಹೀಗೆ ಮಾಡಿಯಾನೇ ಎಂದು ಅವಳ ಮೇಲೆಯೇ ಅನುಮಾನ ಬಂತು. ಮೊದಲು ನಿಮ್ಮಿಬ್ಬರಿಗೆ ಸ್ನೇಹವಿತ್ತೇ, ನೀನು ನಕ್ಕು ಮಾತಾಡಿಸಿದ್ದೆಯಾ ಎಂದೆಲ್ಲ ಕೇಳಿದೆ. ಆ ಪ್ರಶ್ನೆಗಳು ಈಗಲೂ ಕಿವಿಯಲ್ಲಿ ಕೇಳಿಸಿದರೆ ನಾಚಿಕೆಯಾಗುತ್ತದೆ. ಅವಳು ತನ್ನ ರೆಕಾರ್ಡಿನ ಕೊನೆಯ ಪುಟ ತೆರೆದಿಟ್ಟಳು. ಪ್ರಯೋಗದ ವೀಕ್ಷಣೆ ಬರೆಯುವ ಹಾಗೆಯೇ ಗೆರೆ ಎಳೆದು ಕೋಷ್ಟಕ ಮಾಡಿದ್ದಳು: ವಾರ, ಬಸ್ಸಿನ ಹೊತ್ತು, ಅವನು ಹತ್ತಿದ ನಿಲ್ದಾಣ, ಕುಳಿತ ಸೀಟು, ಆಡಿದ ಮಾತು. ಬಸವಕಲ್ಯಾಣದಲ್ಲೇ ಮನೆಯಿರುವ ಹುಡುಗ ಸಂಜೆಯ ಹಳ್ಳಿ ಬಸ್ಸು ಹತ್ತಿ ಅವಳ ಊರಿನ ತನಕ ಹೋಗಿ ಅದೇ ಬಸ್ಸಿನಲ್ಲಿ ಮರಳುತ್ತಿದ್ದ. ಅವಳ ಫೋಟೊ ತನ್ನ ಫೋಟೊದ ಜೊತೆ ಜೋಡಿಸಿ, ಒಪ್ಪದಿದ್ದರೆ ನಿನ್ನ ಅಣ್ಣನಿಗೆ ಕಳಿಸುತ್ತೇನೆ ಎಂದಿದ್ದ. ಆ ಫೋಟೊವನ್ನು ಅವಳ ಗೆಳತಿಗೂ ಕಳಿಸಿದ್ದ. ಗೆಳತಿ ಅದನ್ನು ಅಳಿಸದೆ ಇಟ್ಟುಕೊಂಡಿದ್ದಳು.

ಅವಳಿಂದ ದೂರು ಬರೆಸಿ ಸಮಿತಿಗೆ ಪ್ರತಿ ಹಂಚಲು ಕಚೇರಿಗೆ ಕೊಟ್ಟೆ. ಅದೇ ನಾನು ಮಾಡಿದ ತಪ್ಪು. ಎರಡು ದಿನ ಬಿಟ್ಟು ಸಭೆ ಸೇರಿದಾಗ ಪ್ರಾಂಶುಪಾಲರು ತಾವಾಗಿಯೇ ಬಂದು ಕುಳಿತರು. ಸಮಿತಿಯ ಹೊರಗಿನ ಸದಸ್ಯೆ ಹುಮನಾಬಾದಿನ ಒಬ್ಬ ವಕೀಲೆ, ಅವರೂ ಬಂದಿದ್ದರು.

"ಹುಡುಗನ್ನ ಆಮ್ಯಾಲ ನೋಡೂಣ," ಅಂದರು ಪ್ರಾಂಶುಪಾಲರು. "ಮೊದಲ ಅಕಿ ಅಪ್ಪಗ ಕರೆಸ್ರಿ. ನಾಳಿ ಏನರೆ ಹೆಚ್ಚುಕಡಿಮಿ ಆದ್ರ ನಮ್ಮ ಮ್ಯಾಲ ಬರ್ತದ."

"ಹುಡುಗಿಗಿ ಹದಿನೆಂಟು ದಾಟ್ಯಾವ್ರಿ ಸರ್," ಅಂದರು ವಕೀಲೆ. "ಅಕಿ ಬ್ಯಾಡ ಅಂದಾಳ. ಅಕಿ ಬ್ಯಾಡ ಅಂದ್ ಮ್ಯಾಲ ನಾವು ಹೇಳೂಹಂಗಿಲ್ಲ."

"ಕಾನೂನು ಖರೆ ಅದರಿ. ಊರಾಗ ಕಾನೂನು ಯಾರು ಕೇಳ್ತಾರ?"

ನಾನು ಹಳೆಯ ಫೈಲು ತೆಗೆದು ಆ ಮೂರು ಸಾಲು ಗಟ್ಟಿಯಾಗಿ ಓದಿದೆ. ಸಹಿ ಮಾಡಿದವರ ಹೆಸರೂ ಓದಿದೆ, ನನ್ನದನ್ನು ಸೇರಿಸಿ. ಸತ್ತ ಹುಡುಗಿಯ ದೊಡ್ಡ ಫೋಟೊ ಗೋಡೆಗೆ ಒರಗಿಸಿ ಅಲ್ಲೇ ಇಟ್ಟಿದ್ದರು, ಅಂದೇ ಸ್ಟುಡಿಯೋದಿಂದ ಬಂದಿತ್ತು. ಕೊನೆಗೆ ಪ್ರಾಂಶುಪಾಲರು, "ಹಂಗಾದ್ರ ನೀವು ಬರೆದುಕೊಡ್ರಿ, ಜವಾಬ್ದಾರಿ ನಿಮ್ದಂತ" ಅಂದರು. ಬರೆದುಕೊಟ್ಟೆ.

ಗೆದ್ದೆವು ಅಂದುಕೊಂಡು ಹೊರಗೆ ಬಂದರೆ ಸುಪರಿಂಟೆಂಡೆಂಟರು, "ಮೇಡಂ, ನಿಮ್ಮ ಕೆಲಸ ಹಗುರ ಮಾಡೀನ್ರಿ" ಅಂದರು. ದೂರಿನ ಪ್ರತಿ ನೋಡಿದವರೇ ರೂಢಿಯಂತೆ ಪಾಲಕರಿಗೆ ಪತ್ರ ಟೈಪು ಮಾಡಿ, ಪ್ರಾಂಶುಪಾಲರ ಮೊಹರು ಹಾಕಿ, ಜಾವಕ ಪುಸ್ತಕದಲ್ಲಿ, ಅಂದರೆ ಹೊರಗೆ ಹೋಗುವ ಪತ್ರಗಳ ಪುಸ್ತಕದಲ್ಲಿ, ನಂಬರು ಹಾಕಿಬಿಟ್ಟಿದ್ದರು. ಪತ್ರ ಟಪಾಲು ಚೀಲದಲ್ಲಿತ್ತು. ಇನ್ನರ್ಧ ತಾಸಿಗೆ ಚೀಲ ಅಂಚೆ ಕಚೇರಿಗೆ ಹೋಗಬೇಕು.

"ಅದನ್ನ ಹೊರಗ ತೆಗಿರಿ," ಅಂದೆ.

"ನಂಬರ ಬಿದ್ದ ಕಾಗದ ತೆಗಿಯೂ ಪದ್ಧತಿ ಇಲ್ರಿ. ಆಡಿಟಿನ್ಯಾಗ ಕೇಳ್ತಾರ."

"ನಾ ಉತ್ತರ ಕೊಡ್ತೀನಿ."

"ಒಂದು ಮಾತು ಕೇಳ್ತೀನ್ರಿ ಮೇಡಂ. ನನಗೂ ಇಬ್ಬರು ಹೆಣ್ಣುಮಕ್ಕಳವ. ನನ್ನ ಮಗಳಿಗಿ ಹಿಂಗಾಗಿ ನೀವು ನನಗ ತಿಳಿಸಲಿಲ್ಲಂದ್ರ ನಾ ನಿಮಗ ಬಿಡತಿದ್ನೇನ್ರಿ?"

ಆ ಮನುಷ್ಯನ ಕಣ್ಣಲ್ಲಿ ಕಪಟವಿರಲಿಲ್ಲ. ಐದು ತಿಂಗಳು ಅವರನ್ನು ಕಳ್ಳನೆಂದು ನೋಡಿದ್ದೆ, ಬೆಳಿಗ್ಗೆ ಪೆಟ್ಟಿಗೆ ಅಲುಗಾಡಿಸಿ ನೋಡುವುದೊಂದೇ ಅವರ ಅಪರಾಧವಾಗಿತ್ತು. ಚೀಲಕ್ಕೆ ನಾನೇ ಕೈ ಹಾಕಿ ಆ ಲಕೋಟೆ ಹುಡುಕಿ ತೆಗೆದೆ. ಜಾವಕ ಪುಸ್ತಕದ ಆ ಸಾಲಿನ ಮೇಲೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ರದ್ದು ಎಂದು ಬರೆದು, ಪೂರ್ತಿ ಸಹಿ ಮಾಡಿದೆ. ಹುಡುಗಿಗೆ ನಾಳೆ ಏನಾದರೂ ಆದರೆ ಎಲ್ಲರೂ ಈ ಗೆರೆಯನ್ನೇ ತೋರಿಸುತ್ತಾರೆ ಎಂದು ಚೆನ್ನಾಗಿ ಗೊತ್ತಿತ್ತು.

ಸ್ಮರಣೆಯ ಕಾರ್ಯಕ್ರಮವನ್ನು ನಿಲ್ಲಿಸಿದೆ. ಈ ಪ್ರಕರಣ ಮುಗಿಯುವ ತನಕ ಮೇಣದಬತ್ತಿ ಹಚ್ಚುವುದಿಲ್ಲ ಎಂದೆ. ಸುತ್ತೋಲೆಯ ದಿನ ಕಳೆದುಹೋಯಿತು, ಫೋಟೊ ಕಳಿಸಲಿಲ್ಲವೆಂದು ಪ್ರಾಂಶುಪಾಲರು ವಾರವಿಡೀ ಮುಖ ಗಂಟಿಕ್ಕಿಕೊಂಡಿದ್ದರು. ಪೆಟ್ಟಿಗೆಯನ್ನು ಹೆಣ್ಣುಮಕ್ಕಳ ಕೊಠಡಿಯೊಳಗೆ ಹಾಕಿಸಿದೆ. ಅದನ್ನು ತೆಗೆಯುವಾಗ ಇಬ್ಬರಿರಬೇಕು, ಕಾಗದ ಕಚೇರಿಗೆ ಹೋಗಕೂಡದು, ದೂರು ಕೊಟ್ಟವಳ ಒಪ್ಪಿಗೆ ಇಲ್ಲದೆ ಮನೆಗೆ ಸುದ್ದಿ ಹೋಗಕೂಡದು ಎಂದು ನಡಾವಳಿಯಲ್ಲಿ ಬರೆಸಿದೆ. ಡಬ್ಬಿಯ ಉಳಿದ ಚೀಟಿ ಬರೆದವರನ್ನು ಮಾವಶಿಯೇ ಒಬ್ಬೊಬ್ಬರಾಗಿ ಕರೆತಂದಳು.

ಹುಡುಗನಿಗೆ ನೋಟಿಸು ಹೋಯಿತು. ವಿಚಾರಣೆ ಮುಗಿಯುವ ತನಕ ಗೇಟಿನೊಳಗೆ ಬರಬಾರದು ಎಂದು ಅದರಲ್ಲಿತ್ತು. ಅವನು ಗೇಟಿನ ಹೊರಗೆ ನನಗಾಗಿ ಕಾದು ನಿಂತು, ಎಂದಿನಂತೆ ಎರಡೂ ಕೈ ಮುಗಿದು, "ಮೇಡಂ, ನಾ ನಿಮ್ಮ ಮಗನಂಗ. ಅಕಿ ನನಗ ತಂಗಿ ಇದ್ದಂಗ" ಅಂದ. ಲಿಖಿತ ಉತ್ತರದಲ್ಲೂ ತಂಗಿ ಎಂದೇ ಬರೆದ, ಹಳ್ಳಿ ಬಸ್ಸನ್ನು ಹತ್ತಿಯೇ ಇಲ್ಲ ಎಂದೂ ಬರೆದ. ಆ ಬಸ್ಸಿನ ಕಂಡಕ್ಟರು ಸಮಿತಿಯ ಮುಂದೆ ಬಂದು ಕೂತು, "ಹತ್ತಿಲ್ಲಂತೇನ್ರಿ? ಚಿಲ್ಲರೆ ಇಲ್ಲಂತ ದಿನಾ ನನ್ನ ಕೂಡ ಜಗಳ ಆಡ್ತಿದ್ದ" ಅಂದ. ಹುಡುಗಿಯ ಕೋಷ್ಟಕ ಕಂಡಕ್ಟರನ ಮಾತಿಗೆ ಸಾಲುಸಾಲಾಗಿ ಹೊಂದಿತು. ಉಳಿದ ವಿವರ ಗುಟ್ಟಿನದು, ಬರೆಯುವಂತಿಲ್ಲ. ಸಮಿತಿಯ ತೀರ್ಮಾನದಂತೆ ಹುಡುಗ ಫೋನಿನಿಂದ ಎಲ್ಲ ಅಳಿಸಿ ಮುಚ್ಚಳಿಕೆ ಬರೆದುಕೊಟ್ಟ, ಮತ್ತೆ ನಮ್ಮ ಗೇಟಿನೊಳಗೆ ಬರಲಿಲ್ಲ, ಪರೀಕ್ಷೆಯನ್ನು ಬೇರೆ ಕೇಂದ್ರದಲ್ಲಿ ಬರೆದ. ಪೊಲೀಸರ ಬಳಿ ಹೋಗುವುದು ಬಿಡುವುದು ನಿನ್ನ ಇಷ್ಟ, ಹೋದರೆ ನಾವು ಜೊತೆಗಿರುತ್ತೇವೆ ಎಂದು ಹುಡುಗಿಗೆ ಬರೆದುಕೊಟ್ಟೆವು.

ಎಲ್ಲ ಮುಗಿಯಿತು ಎನ್ನುವಾಗ ಪ್ರಾಂಶುಪಾಲರು ಮತ್ತೆ ಕರೆದರು. ಈಗ ಅವರಿಗೂ ಹೆಮ್ಮೆ.

"ಈಗರೆ ಅಕಿ ಮನಿಗಿ ಒಂದು ಪತ್ರ ಹಾಕೂಣ್ರಿ. ನಿಮ್ಮ ಮಗಳಿಗಿ ನ್ಯಾಯ ಕೊಡಿಸೀವಿ ಅಂತ. ಇದು ಛಲೋ ಸುದ್ದಿ, ಇದಕ್ಕ ಯಾಕ ಅಂಜಬೇಕು?"

ನನಗೂ ಹೌದೆನ್ನಿಸಿತು. ಆ ಗುಟ್ಟಿನ ಭಾರ ಹೊತ್ತು ನನಗೂ ಸಾಕಾಗಿತ್ತು. ಹುಡುಗಿಯನ್ನು ಇನ್ನೊಮ್ಮೆ ಕೇಳಿ ಒಪ್ಪಿಸಿದರಾಯಿತು ಎಂದುಕೊಂಡೆ. ನಾನು ಹೇಳಿದರೆ ವಿದ್ಯಾರ್ಥಿನಿ ಇಲ್ಲ ಅನ್ನುವುದುಂಟೇ? ಸೋಮವಾರ ಕೇಳುವುದೆಂದು ಮನಸ್ಸಿನಲ್ಲೇ ಗೊತ್ತು ಮಾಡಿಕೊಂಡೆ.

ಅದರ ಹಿಂದಿನ ದಿನ ಭಾನುವಾರ, ಮುಂದೂಡಿದ ಸ್ಮರಣೆಯ ದಿನಕ್ಕೆ ಸತ್ತ ಹುಡುಗಿಯ ತಂದೆಯನ್ನು ಕರೆಯಲು ಮಂಠಾಳ ದಾಟಿ ಅವರ ಹಳ್ಳಿಗೆ ಹೋದೆ. ಶಾಲು ಹೊದಿಸುವ ಮುನ್ನ ಅವರಿಗೆ ನಿಜ ಹೇಳಬೇಕಿತ್ತು. ಹೊಲವೂ ಕಿರಾಣಿ ಅಂಗಡಿಯೂ ಇರುವ ಮನುಷ್ಯ, ಮೃದು ಮಾತು. ನನ್ನನ್ನು ಗುರುತು ಹಿಡಿದರು. ಅಂಗಡಿಯ ಮುಂದಿನ ಬೆಂಚಿನ ಮೇಲೆ ಕುಳಿತು ಎಲ್ಲ ಹೇಳಿದೆ. ನಿಮ್ಮನ್ನು ಕರೆಸಿದ ನಡಾವಳಿಯ ಕೆಳಗೆ ನನ್ನ ಸಹಿಯೂ ಇತ್ತು, ಹಾಗೆ ಕರೆಸಬಾರದಿತ್ತು, ನಿಮ್ಮ ಮಗಳನ್ನು ಕೇಳದೆ ಕರೆಸಿದೆವು, ತಪ್ಪಾಯಿತು ಅಂದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಮೂರು ದಿನ ಅತ್ತಾಳ್ರಿ," ಅಂದರು. "ಪರೀಕ್ಷಾ ಒಂದು ಬರೀತೀನಪ್ಪಾ ಅಂದ್ಲು. ಮರ್ಯಾದಿ ಉಳೀಲಿ, ಮಗಳು ಸುಖದಾಗ ಇರಲಿ ಅಂತ ಜಲ್ದಿ ಮಾಡಿ ಕೊಟ್ಟೆ." ಆಮೇಲೆ ಕೇಳಿದರು: "ಈಗ ಅಂಥಾದ್ದು ಬಂದ್ರ ಏನು ಮಾಡ್ತೀರಿ?"

"ಒಂದು ಬಂದಿತ್ರಿ. ವಿಚಾರಣಿ ಮುಗಿಸೀವಿ. ಹುಡುಗಿ ಕಾಲೇಜಿಗಿ ಬರಾಕತ್ತಾಳ."

"ಅಕಿ ಅಪ್ಪಗ ಗೊತ್ತದೇನ್ರಿ?"

"ಇಲ್ರಿ. ಈಗ ಎಲ್ಲಾ ಛಲೋ ಆಗ್ಯದ, ಇನ್ನ ಹೇಳೂಣ ಅಂತ ನಮ್ಮ ಪ್ರಿನ್ಸಿಪಾಲರು ಅನ್ನಾಕತ್ತಾರ. ಮಗಳ ಮ್ಯಾಲ ಭಾಳ ಪ್ರೀತಿ ಇರೂ ಮನುಷ್ಯಾ ಅಂತ ಕೇಳೀನಿ."

ಅವರು ನಾನು ಕೊಟ್ಟ ಆಮಂತ್ರಣವನ್ನು ಮಡಿಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡರು.

"ಹೇಳಬ್ಯಾಡ್ರಿ ಮೇಡಂ," ಅಂದರು. "ನಂದೂ ನನ್ನ ಮಗಳ ಮ್ಯಾಲ ಭಾಳ ಪ್ರೀತಿ ಇತ್ರಿ."